ಅತ್ತೆಯ ಪೋಷಣೆಗಾಗಿ ಹೋದ ಮೂರು ಕಡೆ: ಖಾಸಗಿ ವಕೀಲರು, ಎಸಿ ಕಚೇರಿ, ತಾಲ್ಲೂಕು ಕಾನೂನು ಸೇವೆಗಳ ಸಮಿತಿ

ಕೈಯಲ್ಲಿ ಹಣವಿಲ್ಲದ ವೃದ್ಧರಿಗೆ ಮಕ್ಕಳಿಂದ ಪೋಷಣೆ ಕೊಡಿಸಬೇಕಾಗಿ ಬಂದರೆ, ಮೊದಲು ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಗೆ ಹೋಗಿ ಎಂದೇ ನಾನು ಹೇಳುತ್ತೇನೆ. ನನ್ನ ಸೋದರತ್ತೆ ತಮಗಿದ್ದ ಒಂದೇ ಮನೆಯನ್ನು ಮಗನಿಗೆ ದಾನಪತ್ರ ಮಾಡಿಕೊಟ್ಟಿದ್ದರು. ಆತ ಬೆಂಗಳೂರು ಸೇರಿದ ಮೇಲೆ ಖರ್ಚಿಗೆ ಹಣ ಕಳಿಸುವುದನ್ನು ನಿಲ್ಲಿಸಿ, ಮನೆ ಮಾರುವ ಮಾತನ್ನೂ ತೆಗೆದ. ಅತ್ತೆಗೆ ಉಳಿದದ್ದು ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿ. ಆ ಹಣದ ಮಿತಿಯೊಳಗೇ ಮೂರೂ ದಾರಿಗಳನ್ನು ಅವರೊಂದಿಗೆ ನಿಂತು ನೋಡಿದ್ದೇನೆ.

ಖಾಸಗಿ ವಕೀಲರು ತಾಳ್ಮೆಯಿಂದ ಕೇಳಿಸಿಕೊಂಡರು. ದಾನಪತ್ರ ರದ್ದತಿಗೆ ಸಿವಿಲ್ ದಾವೆ ಹೂಡಬೇಕೆಂದರು; ಮುಂಗಡ ಫೀಸು, ಕೋರ್ಟ್ ಶುಲ್ಕ ಮತ್ತು ವರ್ಷಗಟ್ಟಲೆ ನಡೆಯುವ ವಿಚಾರಣೆಯ ಲೆಕ್ಕ ಹಾಕಿದಾಗ ಆ ದಾರಿ ನಮ್ಮದಲ್ಲವೆಂದು ಸ್ಪಷ್ಟವಾಯಿತು.

ಎಸಿ ಕಚೇರಿ, ಅಂದರೆ ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ನ್ಯಾಯಮಂಡಳಿ, ಕಾಗದದ ಮೇಲೆ ಎಲ್ಲಕ್ಕಿಂತ ಒಳ್ಳೆಯದು. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ವಕೀಲರಿಲ್ಲದೆ ತಾವೇ ಅರ್ಜಿ ಕೊಡಬಹುದು, ತಿಂಗಳಿಗೆ 10,000 ರೂಪಾಯಿಯವರೆಗೆ ಪೋಷಣಾ ವೆಚ್ಚ ಕೇಳಬಹುದು, ಅರ್ಜಿ 90 ದಿನಗಳಲ್ಲಿ ಇತ್ಯರ್ಥವಾಗಬೇಕು. ನಮ್ಮನ್ನು ಸೋಲಿಸಿದ್ದು ಆ 90 ದಿನಗಳ ಲೆಕ್ಕವೇ.

ಈ ಅವಧಿ ಶುರುವಾಗುವುದು ಅರ್ಜಿ ಕೊಟ್ಟ ದಿನದಿಂದಲ್ಲ, ಎದುರುದಾರನಿಗೆ ನೋಟಿಸ್ ತಲುಪಿದ ದಿನದಿಂದ. ಮಗ ಬಾಡಿಗೆ ಮನೆ ಬದಲಿಸಿದ್ದರಿಂದ ಅವನ ನೋಟಿಸ್ ಜಾರಿಯಾಗದೆ ಹಿಂದಿರುಗಿತು. ಹೊಸ ವಿಳಾಸ ಕೊಡಿ ಎಂದು ಕಚೇರಿಯವರು ಕೇಳಿದರು. ಫೋನನ್ನೇ ಎತ್ತದ ಮಗನ ವಿಳಾಸವನ್ನು ಎಪ್ಪತ್ತು ದಾಟಿದ ತಾಯಿ ಎಲ್ಲಿಂದ ತರಬೇಕು? ಸಂಬಂಧಿಕರನ್ನು ಕಾಡಿ ಬೇಡಿ ವಿಳಾಸ ಹುಡುಕಿ ಕೊಟ್ಟ ಮೇಲೂ ವಿಚಾರಣೆಯ ದಿನಾಂಕಗಳು ಜಾರುತ್ತಲೇ ಹೋದವು, ಏಕೆಂದರೆ ಅಧಿಕಾರಿಗಳಿಗೆ ಭೂದಾಖಲೆಯ ತಕರಾರುಗಳಿಂದ ಹಿಡಿದು ಚುನಾವಣೆಯವರೆಗೆ ಹತ್ತಾರು ಹೊಣೆಗಳಿದ್ದವು.

ದಿನ ಮುಂದಕ್ಕೆ ಹೋದದ್ದು ಅಲ್ಲಿ ತಲುಪಿದ ನಂತರವೇ ತಿಳಿಯುತ್ತಿತ್ತು. ಶಕ್ತಿ ಯೋಜನೆಯಿಂದ ಅತ್ತೆಗೆ ಬಸ್ ಟಿಕೆಟ್ ಉಚಿತವೇನೋ ಸರಿ; ಆದರೆ ಬಸ್ ನಿಲ್ದಾಣದಿಂದ ಕಚೇರಿಗೆ ಆಟೊ, ಮೊಣಕಾಲು ನೋವಿನಲ್ಲೇ ಮೊದಲ ಮಹಡಿಯ ಮೆಟ್ಟಿಲು, ಮಧ್ಯಾಹ್ನದವರೆಗೆ ಕಾದು ಬರಿಗೈಯಲ್ಲಿ ಹಿಂದಿರುಗುವುದು, ಇವು ಯಾವ ಉಚಿತ ಟಿಕೆಟ್ಟಿನಿಂದಲೂ ತೀರುವಂಥವಲ್ಲ. ಅರ್ಜಿದಾರರು ವೃದ್ಧರೆಂದು ಗೊತ್ತಿದ್ದೂ ಹಿಂದಿನ ಸಂಜೆ ಒಂದು ಫೋನ್ ಮಾಡದಿರುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಕಾನೂನು ಸೇವೆಗಳ ಸಮಿತಿಯಲ್ಲಿ ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡಗಳವರಿಗೂ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. ಆದಾಯದ ಆಧಾರದ ಮೇಲೆ ನೆರವು ಕೇಳುವವರು ಮೊದಲೇ ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಪಡೆದಿಟ್ಟುಕೊಳ್ಳುವುದು ಒಳ್ಳೆಯದು. ಅಲ್ಲಿ ಅತ್ತೆಗೆ ಗೊತ್ತುಮಾಡಿದ ಪ್ಯಾನೆಲ್ ವಕೀಲರು, ಅಂದರೆ ಸಮಿತಿಯ ಪಟ್ಟಿಯಲ್ಲಿರುವ ವಕೀಲರು, ದಾನಪತ್ರವನ್ನು ಗಟ್ಟಿಯಾಗಿ ಓದಿ, ಅದರಲ್ಲಿ ‘ಪ್ರೀತಿ ವಿಶ್ವಾಸದಿಂದ’ ಕೊಟ್ಟಿದ್ದೇನೆ ಎಂದಿದೆಯೇ ಹೊರತು ಮಗ ನೋಡಿಕೊಳ್ಳಬೇಕೆಂಬ ಷರತ್ತಿಲ್ಲ ಎಂಬುದನ್ನು ಎತ್ತಿ ತೋರಿಸಿದರು. ಅದೇ 2007ರ ಕಾಯ್ದೆಯ 23ನೇ ಕಲಮಿನಡಿ ದಾನ ರದ್ದಾಗಲು ಅಂಥ ಷರತ್ತು ರುಜುವಾತಾಗಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆದರೆ 2025ರ ಜನವರಿಯಲ್ಲಿ ಅದೇ ಕೋರ್ಟ್ ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥೈಸಬೇಕೆಂದಿತು. ಹೀಗಿರುವಾಗ ಮನೆ ವಾಪಸ್ ಪಡೆಯುವ ಹೋರಾಟ ಅನಿಶ್ಚಿತ, ಮೊದಲು ಅನ್ನ ಮತ್ತು ಸೂರನ್ನು ಭದ್ರಪಡಿಸಿಕೊಳ್ಳೋಣ ಎಂದು ಅವರು ಕೊಟ್ಟ ಸಲಹೆಯೇ ನಮಗೆ ದಾರಿ ತೋರಿತು.

ಸಮಿತಿಯ ಸ್ವಯಂಸೇವಕಿ ಮಗನಿಗೆ ಫೋನ್ ಮಾಡಿ, ದಾವೆಗೆ ಮುಂಚೆಯೇ ಮಾತುಕತೆಗೆ ಒಪ್ಪಿಸಿದರು. ಮಾಸಿಕ ಮೊತ್ತವೂ, ಅತ್ತೆ ಬದುಕಿರುವವರೆಗೆ ಮನೆಯನ್ನು ಮಾರುವಂತಿಲ್ಲವೆಂಬ ಷರತ್ತೂ ಲೋಕ ಅದಾಲತ್ತಿನ ರಾಜಿಯಲ್ಲಿ ದಾಖಲಾದವು. ಅದಕ್ಕೆ ನ್ಯಾಯಾಲಯದ ಡಿಕ್ರಿಯ ಬೆಲೆಯಿದೆ, ಮೇಲ್ಮನವಿ ಇಲ್ಲ, ಶುಲ್ಕವೂ ಇರಲಿಲ್ಲ. ಎಸಿ ಕಚೇರಿಯ ಅರ್ಜಿಯನ್ನು ಹಿಂಪಡೆದೆವು.

ಮಗ ಬರಲಾರೆ ಎಂದಿದ್ದರೆ ಸಮಿತಿ ಅವನನ್ನು ಬಲವಂತವಾಗಿ ಕರೆಸುವಂತಿರಲಿಲ್ಲ. ಆಗ ನ್ಯಾಯಮಂಡಳಿಗೇ ಮರಳಬೇಕಾಗುತ್ತಿತ್ತು, ಆದರೆ ಪ್ಯಾನೆಲ್ ವಕೀಲರು ಬರೆದುಕೊಟ್ಟ ಅರ್ಜಿಯೊಂದಿಗೆ. ಮೊದಲ ಮಾಹಿತಿಗೆ ಹಿರಿಯರ ಸಹಾಯವಾಣಿ 14567, ಕಾನೂನು ನೆರವಿಗೆ 15100 ಸಾಕು.

ನಾನು ಖಾಸಗಿ ಶಾಲೆಯ ಶಿಕ್ಷಕಿ. ವಾರದ ನಡುವೆ ರಜೆ ಹಾಕಿದರೆ ಸಂಬಳ ಕಡಿತವಾಗುತ್ತದೆ, ತಾಲ್ಲೂಕು ನ್ಯಾಯಾಲಯವಾದರೋ ಶಾಲೆಯಿಂದ ನಡೆದು ಹೋಗುವಷ್ಟು ಹತ್ತಿರ. ದೊಡ್ಡ ಆಸ್ತಿಯಿದ್ದು ಅದನ್ನೇ ಮರಳಿ ಪಡೆಯಬೇಕೆನ್ನುವವರು ಖಾಸಗಿ ವಕೀಲರನ್ನು ಹಿಡಿಯಲಿ. ಉಳಿದವರು ಸಮಿತಿಗೆ ಹೋಗುವ ಮುನ್ನ ಉಪನೋಂದಣಿ ಕಚೇರಿಯಿಂದ ದಾನಪತ್ರದ ದೃಢೀಕೃತ ನಕಲನ್ನು ತೆಗೆಸಿಕೊಳ್ಳಿ, ಮಕ್ಕಳ ಈಗಿನ ವಿಳಾಸವನ್ನು ಹೇಗಾದರೂ ಮಾಡಿ ಬರೆದಿಟ್ಟುಕೊಳ್ಳಿ.