ಮೆಟಲ್‌ಗೆ ಗಿಟಾರ್ ಪಿಕಪ್ ಹಾಕಿಸುವವರೇ, ಮುಚ್ಚಳ ಬಿಚ್ಚಿಸಿ ನೋಡದೆ ದುಡ್ಡು ಕೊಡಬೇಡಿ

ಮುಂಬೈ, ಠಾಣೆ, ಪುಣೆ ಕಡೆ ಮೆಟಲ್, ಅಂದರೆ ಹೆವಿ ಮೆಟಲ್ ಸಂಗೀತ, ನುಡಿಸುವ ನಮ್ಮ ಹುಡುಗರು, ಹುಡುಗಿಯರು ಇದನ್ನು ದಯವಿಟ್ಟು ಪೂರ್ತಿ ಓದಿ. ಪಿಕಪ್ ಅಂದರೆ ಗಿಟಾರಿನ ತಂತಿ ಅದುರುವುದನ್ನು ವಿದ್ಯುತ್ ಸಿಗ್ನಲ್ ಮಾಡಿ ಆಂಪ್‌ಗೆ ಕಳಿಸುವ ಮ್ಯಾಗ್ನೆಟ್ ಮತ್ತು ಸುರುಳಿ. ಇಎಮ್‌ಜಿ ಕಂಪನಿಯ 81 ಅಂತ ಹೆಸರು ಒತ್ತಿದ ನಕಲಿ ಪಿಕಪ್ ಒಂದನ್ನು ನನ್ನ ಗಿಟಾರಿಗೆ ಕೂರಿಸಿ, ಅಸಲಿಯ ದುಡ್ಡು ವಸೂಲು ಮಾಡಿದ್ದಾರೆ. ಅಂಗಡಿಯ ಹೆಸರು ಬರೆಯುವುದಿಲ್ಲ. ಮೋಸ ಹೇಗೆ ನಡೆಯಿತು ಅಂತ ಗೊತ್ತಾದರೆ ಯಾವ ಅಂಗಡಿಯಲ್ಲಾದರೂ ನೀವೇ ಹಿಡಿಯಬಹುದು.

ನಮ್ಮ ಬ್ಯಾಂಡ್ ಪ್ರಾಕ್ಟೀಸ್ ಡೊಂಬಿವಲಿಯಲ್ಲಿ. ಡ್ರಾಪ್ ಸಿ ಟ್ಯೂನಿಂಗ್, ಅಂದರೆ ತಂತಿ ಸಡಿಲಿಸಿ ಸ್ವರ ಮಾಮೂಲಿಗಿಂತ ಕೆಳಗೆ ಇಳಿಸಿದ್ದು. ಗಿಟಾರಿನ ಜೊತೆ ಬಂದಿದ್ದ ಪಿಕಪ್‌ನಲ್ಲಿ ದಪ್ಪ ತಂತಿಯ ರಿಫ್ (ಮತ್ತೆ ಮತ್ತೆ ಬರುವ ಸ್ವರಗುಚ್ಛ) ಎಲ್ಲ ಕಲಸಿಹೋಗುತ್ತಿತ್ತು. ಮೆಟಲ್ ರಿದಮ್‌ಗೆ ಬೇಕಾದದ್ದು ಬರೀ ಜೋರು ಸದ್ದಲ್ಲ. ಪಾಮ್ ಮ್ಯೂಟ್ (ಅಂಗೈ ತಂತಿಗೆ ತಾಗಿಸಿ ನುಡಿಸುವುದು) ಹೊಡೆದ ಕೂಡಲೇ ಸ್ವರ ಶುರುವಾಗಬೇಕು, ಕೈ ಒತ್ತಿದ ಕೂಡಲೇ ನಿಲ್ಲಬೇಕು, ಬಾಸ್ ಗಿಟಾರಿನ ಜಾಗಕ್ಕೆ ಕೈ ಹಾಕಬಾರದು. ಅದಕ್ಕೇ 81ರ ಮೇಲೆ ಕಣ್ಣು ಬಿದ್ದದ್ದು. ಸಿರಾಮಿಕ್ ಮ್ಯಾಗ್ನೆಟ್, ಒಳಗೇ ಪ್ರೀಆಂಪ್ (ಸಿಗ್ನಲ್ ಹಿಗ್ಗಿಸುವ ಸಣ್ಣ ಸರ್ಕ್ಯೂಟ್), 9 ವೋಲ್ಟ್ ಬ್ಯಾಟರಿ. ಇಂಥದ್ದಕ್ಕೆ ಆಕ್ಟಿವ್ ಅನ್ನುತ್ತಾರೆ, ಪ್ರೀಆಂಪ್, ಬ್ಯಾಟರಿ ಇಲ್ಲದ್ದಕ್ಕೆ ಪ್ಯಾಸಿವ್. ಮೆಟಾಲಿಕಾ ಬ್ಯಾಂಡಿನ ಜೇಮ್ಸ್ ಹೆಟ್‌ಫೀಲ್ಡ್ ಬ್ರಿಡ್ಜಿನಲ್ಲಿ (ತಂತಿ ಕೂರುವ ತುದಿಯ ಕಡೆ) 81, ನೆಕ್‌ನಲ್ಲಿ (ಗಿಟಾರಿನ ಕತ್ತಿನ ಕಡೆ) ಅದೇ ಕಂಪನಿಯ 60 ಇಟ್ಟುಕೊಂಡು ವರ್ಷಗಟ್ಟಲೆ ನುಡಿಸಿದ್ದಾರೆ.

ಅಂಗಡಿಯವರು ಪೊಟ್ಟಣ ಬಿಚ್ಚಿ, ಪಿಕಪ್ ವಯರಿಗೆ ಮಲ್ಟಿಮೀಟರ್ ಹಿಡಿದು ತೋರಿಸಿದರು. ಪರದೆ ಮೇಲೆ ಹದಿನಾರು ಚಿಲ್ಲರೆ ಕಿಲೋ ಓಮ್. ಓಮ್ ಜಾಸ್ತಿ ಇದ್ದಷ್ಟೂ ಮೆಟಲ್‌ಗೆ ಒಳ್ಳೇದು ಅಂದರು. ಅವರೇ ಕೂರಿಸಿಕೊಟ್ಟರು. ಹೊಸ ಪಾಟ್ (ವಾಲ್ಯೂಮ್ ಗುಂಡಿಯ ಕೆಳಗಿನ ಭಾಗ), ಬ್ಯಾಟರಿ ಕ್ಲಿಪ್, ಸ್ಟೀರಿಯೊ ಜಾಕ್, ಎಲ್ಲ ಇತ್ತು.

ಪ್ರಾಕ್ಟೀಸ್‌ನಲ್ಲಿ ಆಂಪ್‌ಗೆ ಹಾಕಿದರೆ ಕಂಬಳಿ ಹೊದಿಸಿದ ಹಾಗೆ ಸದ್ದು. ಟ್ರೆಬಲ್ ಪೂರ್ತಿ ತಿರುಗಿಸಿದರೂ ಪಿಕ್ ತಂತಿಗೆ ತಾಗುವ ಆ ಚೂಪು ಬರಲೇ ಇಲ್ಲ. ಆಂಪ್‌ನ ಮುಂದೆ ಟ್ಯೂಬ್ ಸ್ಕ್ರೀಮರ್ ಅನ್ನುವ ಓವರ್‌ಡ್ರೈವ್ ಪೆಡಲ್ ಇಟ್ಟು, ಡ್ರೈವ್ ಸೊನ್ನೆ ಮಾಡಿ, ಲೆವೆಲ್ ಏರಿಸಿ ನೋಡಿದೆ. ಬಾಸ್ ಕತ್ತರಿಸಿ ರಿಫ್ ಬಿಗಿ ಮಾಡಲು ಮೆಟಲ್‌ನವರೆಲ್ಲ ಮಾಡುವ ಉಪಾಯ ಅದು. ಅದಕ್ಕೂ ಜಗ್ಗಲಿಲ್ಲ. ಹೊಸ ಪಿಕಪ್ ಹಾಕಿಸಿದ್ದೀಯೋ ಹಳೇದನ್ನೇ ಕೆಡಿಸಿಕೊಂಡು ಬಂದಿದ್ದೀಯೋ ಅಂತ ಡ್ರಮ್ಮರ್ ಕೇಳಿದಾಗ ನಿಜಕ್ಕೂ ಹೊಟ್ಟೆ ಉರಿಯಿತು.

ಆಂಪ್ ರಿಪೇರಿ ಮಾಡುವ ಕುಂದಾಪುರದ ಹಿರಿಯರೊಬ್ಬರು ನಮ್ಮಲ್ಲಿದ್ದಾರೆ. ಅವರ ಮೇಜಿನ ಮೇಲೆ ಗಿಟಾರ್ ಮಗುಚಿ ಹಾಕಿ ಹಿಂದಿನ ಮುಚ್ಚಳ ಬಿಚ್ಚಿದೆವು. ಬ್ಯಾಟರಿ ಕ್ಲಿಪ್ಪಿನ ಕೆಂಪು ವಯರನ್ನು ಅವರು ಚಿಮಟದಲ್ಲಿ ಎತ್ತಿ ಹಿಡಿದರು. ತುದಿಗೆ ಕಪ್ಪು ಟೇಪ್ ಸುತ್ತಿ ಪಾಟ್‌ನ ಹಿಂದೆ ತುರುಕಿದ್ದರು. "ಎಂತ ಮಾರಾಯ, ಇದು ಆಕ್ಟಿವ್ ಅಂತ ಯಾರು ಹೇಳಿದ್ದು ನಿಂಗೆ? ಈ ವಯರು ಎಲ್ಲಿಗೂ ಹೋಗುದೇ ಇಲ್ಲ." ಬ್ಯಾಟರಿ ಕಿತ್ತು ನುಡಿಸಿದೆ. ಸದ್ದಿನಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ.

ಅಸಲಿ 81 ಆಗಿದ್ದರೆ ಬ್ಯಾಟರಿ ಇಲ್ಲದೆ ಕೆಲಸ ಮಾಡುವುದಿಲ್ಲ. ಮಲ್ಟಿಮೀಟರಿನ ನಾಟಕವೂ ಆಗ ಬಯಲಾಯಿತು. ಆಕ್ಟಿವ್ ಪಿಕಪ್‌ನಲ್ಲಿ ಸುರುಳಿಗೂ ಹೊರಗೆ ಬರುವ ವಯರಿಗೂ ನಡುವೆ ಪ್ರೀಆಂಪ್ ಕೂತಿರುತ್ತದೆ. ಮೀಟರಿಗೆ ಸುರುಳಿ ಕಾಣುವುದೇ ಇಲ್ಲ. ಆಕ್ಟಿವ್ ಅಂತಲೂ ಹೇಳಿ, ಸುರುಳಿಯ ಓಮ್ ಇಷ್ಟು ಅಂತಲೂ ತೋರಿಸುವವರು ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದ್ದಾರೆ.

ಸದ್ದು ಮಂಕಾದದ್ದು ಪಾಟ್‌ನಿಂದ. ಇಎಮ್‌ಜಿ ಆಕ್ಟಿವ್‌ಗೆ 25 ಕಿಲೋ ಓಮ್ ಪಾಟ್ ಬೇಕು, ಪ್ಯಾಸಿವ್ ಹಂಬಕರ್‌ಗೆ (ಎರಡು ಸುರುಳಿಯ ಪಿಕಪ್) ಸಾಮಾನ್ಯವಾಗಿ 500 ಕಿಲೋ ಓಮ್. ಅಸಲಿಯ ವೇಷ ಪೂರ್ತಿ ಆಗಲಿ ಅಂತ ಇವರು ಪ್ಯಾಸಿವ್ ಪಿಕಪ್‌ಗೆ 25ರ ಪಾಟ್ ಹಾಕಿದ್ದರು. ಅಷ್ಟು ಕಡಿಮೆ ಓಮ್ ಇದ್ದರೆ ಪ್ಯಾಸಿವ್ ಸುರುಳಿಯ ಮೇಲೆ ಭಾರ ಬಿದ್ದು ಟ್ರೆಬಲ್ ಎಲ್ಲ ಸತ್ತುಹೋಗುತ್ತದೆ. ತಪ್ಪು ಇದರ ಉಲ್ಟಾ ಆದರೂ ಗೊತ್ತಾಗುತ್ತದೆ. ಆಕ್ಟಿವ್‌ಗೆ 500 ಹಾಕಿದರೆ ವಾಲ್ಯೂಮ್ ನಿಧಾನಕ್ಕೆ ಇಳಿಯದೆ, ಕೊನೆಯಲ್ಲಿ ಒಮ್ಮೆಲೇ ಬಿದ್ದುಹೋಗುತ್ತದೆ.

ಹಿರಿಯರು 500ರ ಪಾಟ್ ಬೆಸೆದ ಮೇಲೆ ಅದೇ ನಕಲಿಗೆ ಜೀವ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಗೇನ್ ಏರಿಸಿದರೆ ಕಿವಿ ಹರಿಯುವ ಕೀರಲು. ಸುರುಳಿಗೆ ಮೇಣ ಸರಿಯಾಗಿ ಇಳಿಸಿರಲಿಲ್ಲ. ಮೇಣ ಇಳಿಯದಿದ್ದರೆ ಸುರುಳಿಯ ಎಳೆಗಳು ಒಳಗೇ ಅದುರಿ ಪಿಕಪ್ ಮೈಕಿನ ಹಾಗೆ ಸದ್ದು ಹಿಡಿಯುತ್ತದೆ. ರಿಫ್ ಮಧ್ಯದ ಮೌನವೇ ಮೆಟಲ್ ರಿದಮ್‌ನ ಅರ್ಧ ಬಲ. ಅಲ್ಲಿ ಕೀರಲು ತುಂಬಿದರೆ ಅದನ್ನು ಸ್ಟೇಜಿಗೆ ಒಯ್ಯುವುದು ಹೇಗೆ?

ಇನ್ನು ಆ ಓಮ್ ಲೆಕ್ಕ. ಇದಕ್ಕೆ ಮರುಳಾಗುವವರು ತುಂಬಾ ಜನ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಸೀಮೋರ್ ಡಂಕನ್ ಕಂಪನಿಯ ಜೆಬಿ ಮತ್ತು ಡಿಸ್ಟಾರ್ಷನ್ ಅನ್ನುವ ಮಾಡೆಲ್‌ಗಳು, ಎರಡರ ಬ್ರಿಡ್ಜ್ ಪಿಕಪ್ಪೂ ಸುಮಾರು ಹದಿನಾರೂವರೆ ಕಿಲೋ ಓಮ್. ಆದರೆ ಜೆಬಿಯಲ್ಲಿ ಆಲ್ನಿಕೊ 5 ಮ್ಯಾಗ್ನೆಟ್, ಡಿಸ್ಟಾರ್ಷನ್‌ನಲ್ಲಿ ಸಿರಾಮಿಕ್. ಒಂದೇ ಗಿಟಾರಿನಲ್ಲಿ ಕೇಳಿದರೆ ಒಂದು ಮಿಡ್ ಎತ್ತಿ ಹಾಡುತ್ತದೆ, ಇನ್ನೊಂದು ಹಲ್ಲು ಕಚ್ಚಿ ಹೊಡೆಯುತ್ತದೆ. 1972ರಲ್ಲಿ ಬಂದ ಡಿಮಾರ್ಜಿಯೊ ಕಂಪನಿಯ ಸೂಪರ್ ಡಿಸ್ಟಾರ್ಷನ್ ಓಮ್ ಲೆಕ್ಕದಲ್ಲಿ ಇವೆರಡಕ್ಕಿಂತ ಕಡಿಮೆ, ಹದಿನಾಲ್ಕರ ಒಳಗೆ. ಅದರ ಹೊಡೆತ ಕೇಳಿದವರು ಬಡಕಲು ಅನ್ನುವುದಿಲ್ಲ. ತೆಳು ತಂತಿ ಸುತ್ತಿದರೆ ಸುತ್ತು ಅಷ್ಟೇ ಇದ್ದರೂ ಓಮ್ ಏರುತ್ತದೆ. ಬರೀ ಆ ಸಂಖ್ಯೆ ನೋಡಿ ಸದ್ದಿನ ಬಿಗಿ, ಮ್ಯಾಗ್ನೆಟ್, ಸುತ್ತು ಯಾವುದೂ ತಿಳಿಯುವುದಿಲ್ಲ.

ಹಾಗಾಗಿ ಹೇಳುವುದು ಇಷ್ಟು. ಆಕ್ಟಿವ್ ತಗೊಂಡರೆ ಅಂಗಡಿಯಲ್ಲೇ ಬ್ಯಾಟರಿ ಕಿತ್ತು ನುಡಿಸಿ. ಮೊದಲಿನ ಹಾಗೇ ಸದ್ದು ಬಂದರೆ ಎದ್ದು ಬನ್ನಿ. ಪಾಟ್‌ನ ಬೆನ್ನ ಮೇಲೆ ಒತ್ತಿದ ನಂಬರ್ ಓದಿ. ಪ್ಯಾಸಿವ್ ಆದರೆ ಅದೇ ಕಂಪನಿಯ ವೈರಿಂಗ್ ಚಿತ್ರ ಎದುರಿಗಿಟ್ಟು ಬೆಸೆಯಲು ಹೇಳಿ: ಡಂಕನ್‌ನಲ್ಲಿ ಹಾಟ್ ವಯರ್ (ಸಿಗ್ನಲ್ ಒಯ್ಯುವುದು) ಕಪ್ಪು, ಡಿಮಾರ್ಜಿಯೊದಲ್ಲಿ ಕೆಂಪು. ಒಂದರ ಚಿತ್ರ ನೋಡಿ ಇನ್ನೊಂದನ್ನು ಬೆಸೆದರೆ ಒಳ್ಳೆಯ ಪಿಕಪ್ಪೂ ಸೊರಗುತ್ತದೆ. ಫ್ಲಾಯ್ಡ್ ರೋಸ್ ಬ್ರಿಡ್ಜ್ ಇರುವವರು ಅದರ ತಂತಿಗಳ ಅಂತರಕ್ಕೆ ಹೊಂದುವ ಅಗಲದ ಅಳತೆಯ ಪಿಕಪ್ಪೇ ಕೇಳಿ.

ನಾನು ವಾಪಸ್ ಹೋಗಿ ಕೇಳಿದ್ದಕ್ಕೆ ಬಂದ ಉತ್ತರ, "ಫಿಟಿಂಗ್ ಕೇ ಬಾದ್ ವಾಪಸ್ ನಹೀಂ." ಕೈಯಲ್ಲಿದ್ದದ್ದು ಮಾಡೆಲ್ ಹೆಸರೇ ಇಲ್ಲದ ಒಂದು ಚೀಟಿ. ನೀವು ಮಾಡೆಲ್ ಹೆಸರು, ಅಂಗಡಿಯ ಜಿಎಸ್‌ಟಿ ನಂಬರ್ ಇರುವ ಬಿಲ್ಲನ್ನೇ ಪಡೆಯಿರಿ. ಅದು ಕೈಯಲ್ಲಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಧೈರ್ಯವಾಗಿ ಫೋನ್ ಮಾಡಬಹುದು. ಗಿಟಾರಿನಿಂದ ಕಿತ್ತ ಹಳೆ ಪಿಕಪ್‌ಗಳನ್ನೂ ಅಲ್ಲೇ ಕೇಳಿ ತಗೊಳ್ಳಿ. ನನ್ನವು ಅವರ ಡ್ರಾಯರ್ ಸೇರಿವೆ, ಇವತ್ತಿನವರೆಗೂ ಕೊಟ್ಟಿಲ್ಲ.