ಪೆಟ್ರೋಲ್, ಸಿಎನ್‌ಜಿ, ವಿದ್ಯುತ್: ಯಾವ ಕಾರು ಯಾರಿಗೆ?
ಕಾರು ಕೊಳ್ಳುವಾಗ ಖರ್ಚಿನ ಜೊತೆ ಇಂಗಾಲವನ್ನೂ ಲೆಕ್ಕ ಹಾಕಬೇಕೆನ್ನುವವರಿಗೆ ಈ ಹೋಲಿಕೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ, ಲೀಟರಿಗೆ 18 ಕಿ.ಮೀ. ಓಡುವ ಕಾರು ಪ್ರತಿ ಕಿಲೋಮೀಟರಿಗೆ 128 ಗ್ರಾಂ ಉಗುಳುತ್ತದೆ, ಕೆ.ಜಿ.ಗೆ 25 ಕಿ.ಮೀ. ಕೊಡುವ ಸಿಎನ್‌ಜಿ ಕಾರು, ಸುಮಾರು 110 ಗ್ರಾಂ. ವಿದ್ಯುತ್ ಕಾರಿನ ಹೊಗೆ ರಾಯಚೂರಿನಂಥ ಕಲ್ಲಿದ್ದಲು ಸ್ಥಾವರಗಳಲ್ಲಿ ಏಳುತ್ತದೆ: ದೇಶದ ಸರಾಸರಿ ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇರುವಾಗ, ಯೂನಿಟ್ಟಿಗೆ 7 ಕಿ.ಮೀ. ಓಡಿದರೂ 100 ಗ್ರಾಂ ಆಗುತ್ತದೆ, ಅಂದರೆ ಜಾಹೀರಾತು ಹೇಳುವಷ್ಟು ಅಂತರವಿಲ್ಲ. ಬ್ಯಾಟರಿ ತಯಾರಿಕೆಯ ಇಂಗಾಲ ಬೇರೆ. ಸ್ವಂತ ಚಾವಣಿಯಲ್ಲಿ ಸೌರಫಲಕವಿದ್ದು, ಹಗಲಲ್ಲೇ ಚಾರ್ಜ್ ಮಾಡಿ ದಿನವೂ ಹೆಚ್ಚು ಓಡಿಸುವವರಿಗೆ ವಿದ್ಯುತ್ ಕಾರೇ ಲೇಸು. ಚಾರ್ಜಿಂಗಿಗೆ ಜಾಗವಿಲ್ಲದ ಟ್ಯಾಕ್ಸಿಯವರಿಗೆ, ಡಿಕ್ಕಿಯ ಜಾಗ ಸಿಲಿಂಡರಿಗೆ ಹೋದರೂ, ಸಿಎನ್‌ಜಿ ಹೊಂದುತ್ತದೆ. ಅಪರೂಪಕ್ಕೆ ಕಾರು ತೆಗೆಯುವವರಿಗೆ ಪೆಟ್ರೋಲ್ ಸಾಕು.