ಫ್ಲೋರ್‌ಟೈಮ್, ಸನ್-ರೈಸ್, ಪ್ಯಾಕ್ಟ್: ಯಾವುದನ್ನು ಆರಿಸಿಕೊಳ್ಳಬೇಕು?

ಆಟಿಸಂ ಇರುವ ಮಗುವಿನೊಂದಿಗೆ ಆಟದ ಮೂಲಕವೇ ಬೆರೆಯಲು ಬಯಸುವ ತಂದೆತಾಯಂದಿರು ಹೆಚ್ಚಾಗಿ ಕೇಳುವ ಎರಡು ಹೆಸರುಗಳು ಫ್ಲೋರ್‌ಟೈಮ್ ಮತ್ತು ಸನ್-ರೈಸ್. ಎರಡರಲ್ಲೂ ಆಟದ ದಾರಿ ತೋರಿಸುವುದು ಮಗುವೇ. ಹಿರಿಯರು ಮಾಡುವ ಕೆಲಸ ಮಾತ್ರ ಬೇರೆ.

ಮಗು ಆಟಿಕೆ ಕಾರನ್ನು ಮಗುಚಿ ಹಾಕಿ, ಅದರ ಚಕ್ರವನ್ನಷ್ಟೇ ತಿರುಗಿಸುತ್ತ ಕುಳಿತಿದೆ ಎಂದುಕೊಳ್ಳಿ. ಸನ್-ರೈಸ್ ಪ್ರಕಾರ ತಾಯಿ ಪಕ್ಕದಲ್ಲಿ ಕುಳಿತು ತಾನೂ ಒಂದು ಚಕ್ರ ತಿರುಗಿಸುತ್ತಾಳೆ. ಮಗು ತಾನಾಗಿ ಕಣ್ಣೆತ್ತಿ ನೋಡುವವರೆಗೆ ಏನನ್ನೂ ಕೇಳುವುದಿಲ್ಲ. ಅಮೆರಿಕದ ಮಕ್ಕಳ ಮನೋವೈದ್ಯ ಸ್ಟಾನ್ಲಿ ಗ್ರೀನ್‌ಸ್ಪ್ಯಾನ್ ರೂಪಿಸಿದ ಫ್ಲೋರ್‌ಟೈಮ್‌ನಲ್ಲಿ ಆಕೆ ಚಕ್ರದ ಮೇಲೆ ಮೆಲ್ಲನೆ ಬೆರಳಿಟ್ಟು ಕಾಯುತ್ತಾಳೆ. ಮಗು ಆ ಬೆರಳನ್ನು ತಳ್ಳಿದರೆ ಅದೂ ಒಂದು ಉತ್ತರವೇ, ಅಲ್ಲಿಂದಲೇ ಕೊಡುಕೊಳ್ಳುವಿಕೆ ಬೆಳೆಯುತ್ತದೆ.

ಸನ್-ರೈಸ್‌ಗೆ ಗಮನ ಚೆದುರಿಸುವ ವಸ್ತುಗಳಿಲ್ಲದ ಪ್ರತ್ಯೇಕ ಕೋಣೆ ಬೇಕು, ವಾರಕ್ಕೆ ಬಹಳಷ್ಟು ಗಂಟೆಗಳೂ ಬೇಕು. ಫ್ಲೋರ್‌ಟೈಮ್ ಸುಮಾರು 20 ನಿಮಿಷಗಳ ಅವಧಿಗಳಲ್ಲಿ ದಿನಕ್ಕೆ ಹಲವು ಬಾರಿ, ಮನೆಯ ಯಾವ ಮೂಲೆಯಲ್ಲಾದರೂ ನಡೆಯಬಹುದು. ದುಡಿಯುವ ತಂದೆತಾಯಂದಿರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಸನ್-ರೈಸ್ ಹೆಸರಿನಲ್ಲಿ ಕೇಳಿಬರುವ ಪೂರ್ಣ ಚೇತರಿಕೆಯ ಮಾತುಗಳಿಗೆ ಸಾಕಷ್ಟು ಪುರಾವೆಯಿಲ್ಲ. ಫ್ಲೋರ್‌ಟೈಮ್‌ಗೆ ಇರುವುದೂ ಹೆಚ್ಚಾಗಿ ಸಣ್ಣ ಅಧ್ಯಯನಗಳ ಬೆಂಬಲವೇ.

ಪುರಾವೆಯೇ ಮುಖ್ಯವೆನ್ನುವವರು ಬ್ರಿಟನ್‌ನ ಪ್ಯಾಕ್ಟ್ ವಿಧಾನವನ್ನು ಗಮನಿಸಬೇಕು. ತಾವು ಮಗುವಿನೊಡನೆ ಆಡಿದ ವಿಡಿಯೊವನ್ನು ತಂದೆತಾಯಂದಿರು ಚಿಕಿತ್ಸಕರ ಜೊತೆ ಕುಳಿತು ನೋಡಿ, ಮಗುವಿನ ಸಣ್ಣ ಸಂಜ್ಞೆಗಳನ್ನು ಗುರುತಿಸಲು ಕಲಿಯುತ್ತಾರೆ. 152 ಮಕ್ಕಳಿದ್ದ ಪ್ರಯೋಗದ ಫಲಿತಾಂಶ 2010ರಲ್ಲಿ ಪ್ರಕಟವಾದಾಗ, ತಂದೆತಾಯಂದಿರ ಸ್ಪಂದನೆ ಸುಧಾರಿಸಿದ್ದು ಸ್ಪಷ್ಟವಾಗಿತ್ತು, ಲಕ್ಷಣಗಳ ತೀವ್ರತೆಯಲ್ಲಿ ವ್ಯತ್ಯಾಸ ಅಲ್ಪವಾಗಿತ್ತು. ಅದೇ ಮಕ್ಕಳನ್ನು ವರ್ಷಗಳ ಬಳಿಕ ಪರೀಕ್ಷಿಸಿದ 2016ರ ವರದಿಯಲ್ಲಿ ತೀವ್ರತೆಯೂ ಕಡಿಮೆಯಾಗಿತ್ತು. ಆದರೆ ಇದಕ್ಕೆ ತರಬೇತಾದ ಚಿಕಿತ್ಸಕರು ಸಿಗಲೇಬೇಕು.